ಹಂಪಸಾಗರದಿಂದ ಕುರುವತ್ತಿಗೆ

ಪಂಪಾಕ್ಷೇತ್ರವನ್ನು ನೋಡಬಂದ ಯಾತ್ರಿಕರು ವಿರೂಪಾಕ್ಷನ ದರ್ಶನ ಮಾಡಿಕೊಂಡು, ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡು, ಅಲ್ಲಿಂದಲೇ ಊರಿಗೆ ಹಿಂದಿರುಗುವುದು ವಾಡಿಕೆ. ಅದೇ ತುಂಗಭದ್ರೆಯ ದಡದಲ್ಲಿ, ಹೊಳೆಯು ಬರುವ ದಿಕ್ಕಿಗೆ ಮುಖಮಾಡಿ ಮುಂದೆ ನಡೆದರೆ, ವಿಜಯನಗರವು ಹುಟ್ಟುವುದಕ್ಕೆ ಎರಡು ಮೂರು ಶತಮಾನಗಳ ಮುಂಚಿನ ದೇವಾಲಯಗಳ ಸಾಲೊಂದು ಇದೆಯೆಂಬುದನ್ನು ಬಲ್ಲವರು ವಿರಳ. ಆ ಸಾಲನ್ನು ಹಿಡಿದು ಹಂಪಸಾಗರದಿಂದ ಕುರುವತ್ತಿಯವರೆಗೆ ನಾವು ಮಾಡಿದ ಯಾತ್ರೆಯ ವಿಚಾರವನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಹಂಪಸಾಗರವು ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. ಈ ಸೀಮೆಯೆಲ್ಲವೂ ಮೊದಲು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ನೆಯ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 2021ರಿಂದ ವಿಜಯನಗರ ಜಿಲ್ಲೆಯೆಂಬ ಹೆಸರನ್ನು ಪಡೆದಿದೆ. ಗ್ರಾಮದ ಬಳಿ ನಿಂತು ನೋಡಿದಾಗ ನಮಗೆ ಕಂಡದ್ದು ಹೊಳೆಯಲ್ಲ, ಸಮುದ್ರದಂತೆ ಹರಡಿನಿಂತ ನೀರು. ಹೊಸಪೇಟೆಯ ಬಳಿಯ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ಮದರಾಸು ಸರ್ಕಾರವೂ ಹೈದರಾಬಾದು ನಿಜಾಮರ ಸರ್ಕಾರವೂ ಕೂಡಿ 1945ರಲ್ಲಿ ಆ ಅಣೆಕಟ್ಟಿಗೆ ಅಸ್ತಿಭಾರ ಹಾಕಿದುವು. 1953ರಲ್ಲಿ ಅದರಿಂದ ಕಾಲುವೆಗಳಿಗೆ ನೀರು ಹರಿಯಿತು. ಬರಗಾಲಕ್ಕೆ ಹೆಸರಾಗಿದ್ದ ನೆಲವು ಬತ್ತವನ್ನು ಬೆಳೆಯುವಂತಾಯಿತು. ಆದರೆ ಸುಮಾರು 90 ಗ್ರಾಮಗಳು ನೀರಿಗೆ ತಮ್ಮನ್ನು ಒಪ್ಪಿಸಬೇಕಾಯಿತು. ನಾರಾಯಣದೇವರಕೆರೆಯಂತಹ ದೊಡ್ಡ ಊರೇ ಮುಳುಗಿ, ಅಲ್ಲಿಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಒಬ್ಬರ ಗದ್ದೆಗೆ ಬಂದ ನೀರು ಮತ್ತೊಬ್ಬರ ಮನೆಯ ಮೇಲೆ ನಿಂತ ನೀರೆಂಬುದನ್ನು ಈ ದಡದಲ್ಲಿ ನಿಂತವರು ಮರೆಯುವಂತಿಲ್ಲ. ಇದೇ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ದೇಶಾಂತರದ ಹಕ್ಕಿಗಳು ಬಂದಿಳಿಯುವುದರಿಂದ, 2024ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಗಿದೆ.

ಅಲ್ಲಿಂದ ನಾವು ಹಡಗಲಿಯ ಸೀಮೆಗೆ ಹೊರಟೆವು. ಹೂವಿನ ಹಡಗಲಿಯ ಮಲ್ಲಿಗೆಯು ಇಂದಿಗೂ ಹೆಸರುವಾಸಿ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವು ಹೊಳೆಯ ಮೇಲೆ ಹಂಪೆಗೆ ಹೋಗುತ್ತಿತ್ತೆಂದೂ, ಊರಿಗೆ ಆ ಹೆಸರು ಅದರಿಂದಲೇ ಬಂದಿತೆಂದೂ ಜನರು ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವಾಗಿಯೇ ಉಳಿಸಿಕೊಂಡು ನಾವು ಶಾಸನಗಳ ಕಡೆಗೆ ತಿರುಗೋಣ.

ಹಿರೇಹಡಗಲಿಯೆಂಬ ಗ್ರಾಮದಲ್ಲಿ ದೊರೆತ ತಾಮ್ರಶಾಸನವು ಪಲ್ಲವರಾಜನಾದ ಶಿವಸ್ಕಂದವರ್ಮನದು; ಅವನ ಆಳ್ವಿಕೆಯ ಎಂಟನೆಯ ವರ್ಷದ್ದು; ಪ್ರಾಕೃತಭಾಷೆಯದು. ಕಂಚಿಯ ದೊರೆಗಳ ಹೆಸರು ಈ ಭಾಗದಲ್ಲಿ ಅಷ್ಟು ಹಿಂದೆಯೇ ಕೇಳಿಬರುತ್ತಿತ್ತೆಂಬುದಕ್ಕೆ ಇದು ಸಾಕ್ಷಿ. ಅದೇ ಗ್ರಾಮದಲ್ಲಿರುವ ಕಲ್ಲೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು. ಅದರ ಬಾಗಿಲುವಾಡದ ಮುಂದೆ ನಿಂತರೆ ಮರದ ಕೆತ್ತನೆಯೋ ದಂತದ ಕೆತ್ತನೆಯೋ ಎಂಬ ಭ್ರಾಂತಿಯುಂಟಾಗುತ್ತದೆ. ಹೊಳೆಯ ಸಮೀಪದ ಮಾಗಳದ ದೇವಾಲಯವೂ, ಕೊಟ್ಟೂರಿನ ಬಳಿಯ ಅಂಬಳಿಯ ಕಲ್ಲೇಶ್ವರವೂ, ಹರಪನಹಳ್ಳಿಯ ಬಳಿಯ ನೀಲಗುಂದದ ಭೀಮೇಶ್ವರವೂ ಇದೇ ಕುಲಕ್ಕೆ ಸೇರಿದುವು. ಬಾಗಳಿಯ ಕಲ್ಲೇಶ್ವರವು ಇವುಗಳಿಗಿಂತ ಹಿರಿಯದು. ರಾಷ್ಟ್ರಕೂಟರ ಅಂತ್ಯಕಾಲದಲ್ಲಿ ಆರಂಭವಾದ ಆ ಗುಡಿಗೆ ಚಾಲುಕ್ಯ ತೈಲಪನ ಕಾಲದಲ್ಲಿ, ಕ್ರಿ. ಶ. 987ರ ಸುಮಾರಿಗೆ, ದುಗ್ಗಿಮಯ್ಯನೆಂಬಾತನು ಪೂರ್ಣರೂಪವನ್ನು ಕೊಟ್ಟನು. ಸುಮಾರು 50 ಕಂಬಗಳ ಅದರ ಸಭಾಮಂಟಪದಲ್ಲಿ ಕುಳಿತ ಯಾತ್ರಿಕನಿಗೆ ಎದ್ದುಬರಲು ಮನಸ್ಸಾಗದು.

ಇಷ್ಟು ಸೂಕ್ಷ್ಮವಾದ ಕೆಲಸ ಹೇಗೆ ಸಾಧ್ಯವಾಯಿತೆಂದು ಕೇಳಬಹುದು. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ದಪ್ಪ ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಇಲ್ಲಿಯವರಿಗೆ ದೊರೆತದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು. ಉಳಿಯ ಮಾತನ್ನು ಕೇಳುತ್ತದೆ. ಗಾಳಿಬಿಸಿಲುಗಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ, ಹೊಳಪನ್ನೂ ತಾಳುತ್ತದೆ. ಕಲ್ಲು ಬದಲಾದುದರಿಂದ ಕಲೆಯೂ ಬದಲಾಯಿತು. ಮುಂದೆ ಹೊಯ್ಸಳರು ಬೇಲೂರು ಹಳೇಬೀಡುಗಳಲ್ಲಿ ಮಾಡಿ ತೋರಿಸಿದುದಕ್ಕೆ ಈ ಸೀಮೆಯಲ್ಲಿಯೇ ಪೂರ್ವಸಿದ್ಧತೆ ನಡೆದಿತ್ತು. ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸರು 1896ರಲ್ಲಿ ಬಳ್ಳಾರಿ ಜಿಲ್ಲೆಯ ಈ ಗುಡಿಗಳ ನಕ್ಷೆಗಳನ್ನೂ ಚಿತ್ರಗಳನ್ನೂ ಒಳಗೊಂಡ ಗ್ರಂಥವನ್ನು ಪ್ರಕಟಿಸುವವರೆಗೆ ಹೊರಗಿನವರಿಗೆ ಇವುಗಳ ಪರಿಚಯ ಅಷ್ಟಾಗಿ ಇರಲಿಲ್ಲ.

ಮಾರ್ಗದಲ್ಲಿ ಮೈಲಾರವನ್ನು ಬಿಟ್ಟು ಹೋಗುವಂತಿಲ್ಲ. ಮೈಲಾರಲಿಂಗನು ಕನ್ನಡನಾಡಿನಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಲಕ್ಷಾಂತರ ಮನೆಗಳ ಕುಲದೈವ; ಅಲ್ಲಿ ಅವನಿಗೆ ಖಂಡೋಬನೆಂದು ಹೆಸರು. ಭರತಹುಣ್ಣಿಮೆಯ ಜಾತ್ರೆಯಲ್ಲಿ ಕರಿಯ ಕಂಬಳಿ ಹೊದ್ದ ಗೊರವರು ಡಮರುಗಗಳನ್ನು ನುಡಿಸುತ್ತ ಬರುತ್ತಾರೆ. ಭಂಡಾರದಿಂದ ನೆಲವೆಲ್ಲ ಹಳದಿಯಾಗುತ್ತದೆ. ಕಾರಣಿಕದ ದಿನ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಆ ಜನಸಾಗರವು ಉಸಿರಾಡುವುದನ್ನೂ ಮರೆತಂತೆ ಮೌನವಾಗುತ್ತದೆ. ಆಗ ಅವನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯವನ್ನು ರೈತನು ಮಳೆಬೆಳೆಗೆ ಅನ್ವಯಿಸುತ್ತಾನೆ. ವರ್ತಕನು ಧಾರಣೆಗೆ ಅನ್ವಯಿಸುತ್ತಾನೆ. ರಾಜಕಾರಣಿಯು ತನ್ನ ಪಕ್ಷಕ್ಕೆ ಅನ್ವಯಿಸಿಕೊಳ್ಳುತ್ತಾನೆ. ನುಡಿ ಒಂದು, ಅರ್ಥ ಹಲವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಸಮೀಪದ ಕುರುವತ್ತಿಯನ್ನು ಸೇರಿದೆವು. ಅಲ್ಲಿ ನಮಗೆ ಎದುರಾದ ಪ್ರಶ್ನೆಯೂ ಅಂತಹುದೇ ಆಗಿತ್ತು.

ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯವನ್ನು ರಸಿಕರು ನೋಡುವುದು ಅಲ್ಲಿಯ ಮದನಿಕೆಯರಿಗಾಗಿ. ಕಂಬಗಳ ಮೇಲ್ಭಾಗಕ್ಕೆ ಆತುಕೊಂಡು ನಿಂತ ಆ ಮೂರ್ತಿಗಳ ಬಳುಕನ್ನೂ, ಅವುಗಳ ಸುತ್ತ ಹೆಣೆದ ಬಳ್ಳಿಯ ಬಳಸನ್ನೂ ಕಂಡ ಕಲಾವಿಮರ್ಶಕರು ಇವರನ್ನು ಬೇಲೂರಿನ ಮದನಿಕೆಯರ ಅಕ್ಕಂದಿರೆಂದು ಕರೆಯುವುದುಂಟು. ಆದರೆ ಚರಿತ್ರೆಯನ್ನು ಓದಿದವನ ಕಣ್ಣು ದೇವಾಲಯದಿಂದ ಹೊಳೆಯ ಕಡೆಗೆ ಹೊರಳದೆ ಇರದು. ಕ್ರಿ. ಶ. 1068ನೆಯ ಇಸವಿಯ ಚೈತ್ರಮಾಸದಲ್ಲಿ, ಎಂದರೆ ಮಾರ್ಚಿ ತಿಂಗಳ ಅಂತ್ಯದಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಒಂದನೆಯ ಸೋಮೇಶ್ವರನು ಇದೇ ಕುರುವತ್ತಿಯಲ್ಲಿ ತುಂಗಭದ್ರೆಯ ನೀರಿಗೆ ಇಳಿದು ಪ್ರಾಣತ್ಯಾಗ ಮಾಡಿದನು.

ತ್ರೈಲೋಕ್ಯಮಲ್ಲ, ಆಹವಮಲ್ಲ ಎಂಬ ಬಿರುದುಗಳಿದ್ದ ಈ ಅರಸನು 1042ರಿಂದ 26 ವರ್ಷ ಆಳಿದವನು. ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿದವನು. ತನ್ನ ಆಳ್ವಿಕೆಯುದ್ದಕ್ಕೂ ಚೋಳರೊಡನೆ ಹೋರಾಡಿದವನು. 1054ರ ಕೊಪ್ಪದ ಕಾಳಗದಲ್ಲಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮನು ರಣರಂಗದಲ್ಲಿಯೇ ಕಿರೀಟವನ್ನು ಧರಿಸಿ ಯುದ್ಧವನ್ನು ಮುಂದುವರಿಸಿದನು. ಅಂತಹ ಕಾಲದ ಅಂತಹ ವೀರನು ಹೊಳೆಗೆ ಏಕೆ ಇಳಿದನು?

ಮಣಿಮಂಗಲದ ಶಾಸನದಲ್ಲಿ ಚೋಳ ವೀರರಾಜೇಂದ್ರನ ಕಡೆಯವರು ಹೇಳುವುದು ಹೀಗೆ: ಆಹವಮಲ್ಲನು ಕೂಡಲಿಯಲ್ಲಿ ಯುದ್ಧಕ್ಕೆ ಬರುವುದಾಗಿ ತಾನೇ ಓಲೆ ಕಳುಹಿದನು. ಚೋಳನು ಗೊತ್ತಾದ ಸ್ಥಳಕ್ಕೆ ಬಂದು ಕಾದನು, ಶತ್ರು ಬರಲಿಲ್ಲ. ಆಗ ಚೋಳನು ಅವನ ಬೊಂಬೆಯೊಂದನ್ನು ಮಾಡಿಸಿ ಅವಮಾನಪಡಿಸಿ, ತುಂಗಭದ್ರೆಯ ದಡದಲ್ಲಿ ಜಯಸ್ತಂಭವನ್ನು ನೆಡಿಸಿದನು. ಇವರ ದೃಷ್ಟಿಯಲ್ಲಿ ಆಹವಮಲ್ಲನು ಮಾತಿಗೆ ತಪ್ಪಿ ಹೆದರಿ ಹಿಂಜರಿದವನು.

ಕಾಶ್ಮೀರದಿಂದ ಬಂದು ಅವನ ಮಗ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದ ಬಿಲ್ಹಣಕವಿಯು ಹೇಳುವುದೇ ಬೇರೆ. ಚಕ್ರವರ್ತಿಯನ್ನು ಗುಣವಾಗದ ಜ್ವರವು ಹಿಡಿಯಿತು. ಮರಣವು ನಿಶ್ಚಯವೆಂದು ತಿಳಿದ ಅವನು ಮಂತ್ರಿಗಳ ಸಮ್ಮತಿಯನ್ನು ಪಡೆದು, ದಕ್ಷಿಣದ ಗಂಗೆಯೆನಿಸಿದ ತುಂಗಭದ್ರೆಗೆ ಬಂದು, ಶಿವನನ್ನು ಧ್ಯಾನಿಸುತ್ತ ನೀರಿನಲ್ಲಿ ಲೀನನಾದನು. ಇಲ್ಲಿ ಭಯವಿಲ್ಲ, ಭಕ್ತನ ಶಾಂತಿಯಿದೆ. ಈ ಕಾವ್ಯದ ಹಸ್ತಪ್ರತಿಯನ್ನು ಜೈಸಲ್ಮೇರಿನ ಭಂಡಾರದಲ್ಲಿ ಕಂಡು, 1875ರಲ್ಲಿ ಮುದ್ರಿಸಿದವರು ಜರ್ಮನಿಯ ಬ್ಯೂಲರ್ ಪಂಡಿತರು. ಹಿರೇಹಡಗಲಿಯ ಪಲ್ಲವ ತಾಮ್ರಶಾಸನವನ್ನು ಓದಿ ಪ್ರಕಟಿಸಿದವರೂ ಅವರೇ.

ಯಾರ ಮಾತು ನಿಜ? ಒಬ್ಬರು ಶತ್ರುವಿನ ಲೇಖಕರು. ಮತ್ತೊಬ್ಬರು ಮಗನ ಅನ್ನವನ್ನು ಉಂಡ ಕವಿ. ಇಬ್ಬರಿಗೂ ಹೇಳಬೇಕಾದುದು ಮೊದಲೇ ಗೊತ್ತಿತ್ತು. ಹಾಗಿದ್ದರೂ ಎರಡು ಮಾತುಗಳು ಒಂದನ್ನೊಂದು ಕೊಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಜ್ವರದಿಂದ ಮಲಗಿದವನು ರಣರಂಗಕ್ಕೆ ಬರಲಾರನು. ಬಾರದವನನ್ನು ಶತ್ರುವು ಹೇಡಿಯೆಂದು ಕರೆಯದೆ ಬಿಡನು. ಕನ್ನಡದ ಶಾಸನವಾದರೋ ನಿಂದಿಸುವುದೂ ಇಲ್ಲ, ಕಣ್ಣೀರಿಡುವುದೂ ಇಲ್ಲ. ಕುರುವತ್ತಿಯಲ್ಲಿ ಅರಸನು ಪರಮಯೋಗವನ್ನು ಆಚರಿಸಿ ತುಂಗಭದ್ರೆಯಲ್ಲಿ ಸ್ವರ್ಗಸ್ಥನಾದನೆಂದು ತಿಥಿಯೊಡನೆ ಹೇಳಿ ಮುಗಿಸುತ್ತದೆ. ಜಯಸ್ತಂಭದ ಹೆಮ್ಮೆಗಿಂತಲೂ ಕಾವ್ಯದ ಸೊಗಸಿಗಿಂತಲೂ ಈ ಸಂಕ್ಷೇಪವೇ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿತು.

ಸಾಯಂಕಾಲ ನಾವು ಹೊಳೆಯ ದಡಕ್ಕೆ ಹೋದಾಗ ಬೇಸಗೆಯ ಹೊಳೆಯು ಬಂಡೆಗಳ ನಡುವೆ ತೆಳುವಾಗಿ ಹರಿಯುತ್ತಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ದನಗಳು ನೀರು ಕುಡಿಯುತ್ತಿದ್ದುವು. ದಡದಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು, “ಯಜಮಾನರೆ, ಇಲ್ಲಿ ಒಬ್ಬ ದೊಡ್ಡ ಅರಸನು ಹೊಳೆಗೆ ಇಳಿದು ದೇಹ ಬಿಟ್ಟನಂತೆ, ಕೇಳಿಬಲ್ಲಿರಾ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅರಸರ ಸುದ್ದಿ ನಮಗೇನು ಗೊತ್ತ್ರೀ. ಮಲ್ಲಯ್ಯನ ಗುಡಿ ಐತಿ, ಹೊಳಿ ಐತಿ. ಬಂದವರೆಲ್ಲ ಮುಳುಗಿ ಕೈಮುಗಿದು ಹೋಗ್ತಾರ” ಎಂದರು. ಆ ಉತ್ತರದಲ್ಲಿ ನಮಗೆ ಅಜ್ಞಾನವು ಕಾಣಲಿಲ್ಲ. ಅರಸನೂ ಹಾಗೆಯೇ ಬಂದು, ಮುಳುಗಿ, ಕೈಮುಗಿದು ಹೋದವನಲ್ಲವೇ?

ಆದರೂ ಮರೆವಿಗೆ ಒಂದು ಮಿತಿ ಬೇಕು. ಈ ಸೀಮೆಯ ಕೆಲವು ಊರುಗಳು ಹಿನ್ನೀರಿನಲ್ಲಿ ಮುಳುಗಿದುವು. ಅದು ನಾಡಿನ ಹಸಿವಿಗಾಗಿ ತೆತ್ತ ಬೆಲೆ. ಮುಳುಗದೆ ಉಳಿದ ಗುಡಿಗಳೂ ಶಾಸನಗಳೂ ನಮ್ಮ ಅಲಕ್ಷ್ಯದಲ್ಲಿ ಮುಳುಗಿದರೆ ಅದಕ್ಕೆ ಯಾವ ಬೆಳೆಯೂ ಪ್ರತಿಫಲವಾಗಿ ಬರುವುದಿಲ್ಲ. ಶಾಸನದ ಕಲ್ಲಿಗೆ ಸುಣ್ಣ ಬಳಿಯುವ ಕೈಯನ್ನು ತಡೆಯಲು ಊರಿನ ಪಾಠಶಾಲೆಯ ಒಬ್ಬ ಉಪಾಧ್ಯಾಯರು ಸಾಕು. ಅದರ ಅರ್ಥವನ್ನು ಒಮ್ಮೆ ಊರಿನ ಭಾಷೆಯಲ್ಲಿ ಹೇಳಿಕೊಟ್ಟರೆ ಮುಂದೆ ಊರೇ ಅದನ್ನು ಕಾಯುತ್ತದೆ. ಹಂಪೆಗೆ ಹೋಗುವ ಶ್ರೋತೃಗಳು ಇನ್ನೆರಡು ದಿನಗಳನ್ನು ಮೀಸಲಿಟ್ಟು ಈ ದಡವನ್ನು ಹಿಡಿದು ಬರಲಿ. ಬಾಗಳಿಯ ಕಂಬಗಳ ನಡುವೆ ಒಂದು ಮಧ್ಯಾಹ್ನ, ಕುರುವತ್ತಿಯ ಹೊಳೆಯ ಬಳಿ ಒಂದು ಸಂಜೆ ಕಳೆದವರಿಗೆ, ಪಠ್ಯಪುಸ್ತಕದಲ್ಲಿ ಬರಿಯ ಇಸವಿಯಾಗಿದ್ದ 1068 ಮುಂದೆಂದೂ ಬರಿಯ ಇಸವಿಯಾಗಿ ಉಳಿಯುವುದಿಲ್ಲ.