ಝೈಲೋಫೋನ್‌ನಲ್ಲಿ ಇಲ್ಲದ ಎರಡು ಪಟ್ಟಿಗಳು

ಮಕ್ಕಳಿಗೆಂದು ಕೊಳ್ಳುವ ಝೈಲೋಫೋನ್‌ನಲ್ಲಿ ಸಾಮಾನ್ಯವಾಗಿ ಎಂಟು ಪಟ್ಟಿಗಳಿರುತ್ತವೆ. ಗ್ರೀಕ್ ಭಾಷೆಯಲ್ಲಿ ‘ಝೈಲಾನ್’ ಎಂದರೆ ಮರ, ‘ಫೋನೆ’ ಎಂದರೆ ದನಿ. ನಮ್ಮ ಕಾಷ್ಠತರಂಗವೂ ಇದೇ ಜಾತಿಯ ವಾದ್ಯ. ಉದ್ದದ ಪಟ್ಟಿ ಎಡಕ್ಕೆ, ಗಿಡ್ಡದ್ದು ಬಲಕ್ಕೆ. ಎಡದಿಂದ ಬಡಿಯುತ್ತ ಹೋದರೆ ಸ ರಿ ಗ ಮ ಪ ದ ನಿ ಸ. ಇಷ್ಟನ್ನು ಮಗು ಬೇಗ ಕಲಿಯುತ್ತದೆ. ಈ ಸ್ವರಗಳೇ ಯಾಕೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಚರಿತ್ರೆ ಓದಬೇಕಾಗುತ್ತದೆ.

ಈ ವಾದ್ಯ ಶಾಲೆಯೊಳಗೆ ಬಂದದ್ದರ ಹಿಂದೆ ಜರ್ಮನಿಯ ಕಾರ್ಲ್ ಓರ್ಫ್ ಅವರ ಪಾತ್ರ ದೊಡ್ಡದು. 1924ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಗ್ಯುಂಟರ್ ಶಾಲೆಯಲ್ಲಿ ಅವರೂ ಗುನಿಲ್ಡ್ ಕೀಟ್‌ಮನ್ ಅವರೂ ಸೇರಿ, ಪಟ್ಟಿಗಳನ್ನು ತೆಗೆದು ಹಾಕಬಹುದಾದ ಪುಟ್ಟ ಝೈಲೋಫೋನ್‌ಗಳನ್ನು ಪಾಠಕ್ಕೆ ಬಳಸಿದರು. ಬೇಡದ ಸ್ವರ ಕಣ್ಣಮುಂದೆ ಇರದಿದ್ದರೆ ಮಗು ತಪ್ಪು ಬಡಿಯುವುದಿಲ್ಲ ಎಂಬುದು ಸರಳ ಉಪಾಯ.

ನಮ್ಮ ಕಡೆ ಆ ಪಟ್ಟಿಗಳಿಗೆ ‘ಶುದ್ಧ ಸ್ವರ’ ಎಂಬ ಹೆಸರು ಗಟ್ಟಿಯಾದದ್ದು ಮುಂಬಯಿಯ ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ, ವಕೀಲರಾಗಿದ್ದ ವಿಷ್ಣು ನಾರಾಯಣ ಭಾತಖಂಡೆಯವರ ಪಠ್ಯಗಳಿಂದ. ಉತ್ತರದಲ್ಲಿ ಮೊದಲೇ ಬಳಕೆಯಲ್ಲಿದ್ದ ಬಿಲಾವಲ್ ಮೇಳವನ್ನು ಅವರು ಶುದ್ಧ ಸ್ವರಗಳ ಮೇಳವೆಂದು ಇಟ್ಟುಕೊಂಡರು. ಸ್ವರದ ಕೆಳಗೆ ಗೆರೆ ಎಳೆದರೆ ಕೋಮಲ, ‘ಮ’ ಮೇಲೆ ನಿಂತ ಗೆರೆ ಇದ್ದರೆ ತೀವ್ರ, ಕೆಳಗೆ ಚುಕ್ಕೆ ಇದ್ದರೆ ಮಂದ್ರ, ಮೇಲೆ ಇದ್ದರೆ ತಾರ. ಪಲುಸ್ಕರರದು ಬೇರೆ ಲಿಪಿ. ಅವರು 1901ರಲ್ಲಿ ಲಾಹೋರಿನಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಮಂಡಳ ಇಂದು ನವಿ ಮುಂಬಯಿಯ ವಾಶಿಯಲ್ಲೂ ಇದೆ. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇರಲಾಗದ ಗುಮಾಸ್ತರು, ಗೃಹಿಣಿಯರು, ವಿದ್ಯಾರ್ಥಿಗಳು ಹಾಡು ಕಲಿಯಬೇಕಾದರೆ ಕಾಗದ ಬೇಕೇ ಬೇಕಿತ್ತು. ಥಾಣೆ, ಕಲ್ಯಾಣದಲ್ಲಿ ಸಂಜೆ ಲೋಕಲ್ ಇಳಿದು ಕ್ಲಾಸಿಗೆ ಓಡುವವರೂ ಇವರ ವಂಶಸ್ಥರೇ.

ತೊಡಕು ಶುರುವಾಗುವುದು ಕನ್ನಡದ ಮನೆಗಳಲ್ಲಿ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬುವ ಸರಳೆ ವರಸೆ, ಜಂಟಿ ವರಸೆಗಳು ಮಾಯಾಮಾಳವಗೌಳದಲ್ಲಿವೆ. ಬಿಲಾವಲ್ ಎಂದರೆ ನಮ್ಮ ಶಂಕರಾಭರಣ, ಅದು ಎಂಟು ಪಟ್ಟಿಯಲ್ಲಿ ಸಲೀಸಾಗಿ ಕೂರುತ್ತದೆ. ಅದೇ ಕ್ರಮದ ಪಟ್ಟಿಗಳು ಇನ್ನಷ್ಟು ಇದ್ದರೆ ‘ರಿ’ಯನ್ನು ಷಡ್ಜ ಮಾಡಿ ಖರಹರಪ್ರಿಯ, ‘ಗ’ದಿಂದ ತೋಡಿ, ‘ಮ’ದಿಂದ ಕಲ್ಯಾಣಿಯನ್ನೂ ಮುಟ್ಟಬಹುದು. ಆದರೆ ಯಾವ ಪಟ್ಟಿಯಿಂದ ಹೊರಟರೂ ಮಾಯಾಮಾಳವಗೌಳ ಸಿಗದು. ಅದರ ರಿಷಭ ಮತ್ತು ಧೈವತ ಆ ಸಾಲಿನಲ್ಲೇ ಇಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗಳು ಫೋನಿನಲ್ಲಿ ಅಜ್ಜಿಯ ಸರಳೆ ವರಸೆ ಕೇಳಿ, ಪಟ್ಟಿ ಬಡಿದು ನೋಡಿ, “ಅಜ್ಜಿ, ನಿನ್ನ ರಿ ತಪ್ಪು” ಅಂದಳು. ಆ ಕಡೆಯಿಂದ, “ನನ್ನದು ಶುದ್ಧ ರಿಷಭ ಕಣೇ” ಎಂಬ ಉತ್ತರ. ಇಬ್ಬರ ಮಾತಿಗೂ ಆಧಾರವಿತ್ತು. ಅಜ್ಜಿ ‘ಶುದ್ಧ’ ಅನ್ನುವ ಸ್ವರವನ್ನು ಮಗಳ ಹಿಂದೂಸ್ತಾನಿ ಪುಸ್ತಕ ‘ಕೋಮಲ’ ಅನ್ನುತ್ತದೆ. ಪುಸ್ತಕದ ‘ಶುದ್ಧ’ ರಿ ನಮ್ಮವರಿಗೆ ಚತುಶ್ರುತಿ ರಿಷಭ. ಸ್ಟಾಫ್ ನೊಟೇಷನ್‌ನಲ್ಲಿ, ಸಿ ಷಡ್ಜವಾದರೆ, ಅಜ್ಜಿಯ ಸ್ವರ ಡಿ ಫ್ಲ್ಯಾಟ್. ದನಿ ಒಂದೇ, ಹೆಸರು ಮೂರು.

ನನ್ನನ್ನು ಕಾಡಿದ್ದು ಹೆಸರಿನ ಗೊಂದಲವಲ್ಲ. ಪೆಟ್ಟಿಗೆಯಲ್ಲಿ ಇಲ್ಲದ್ದು ತಪ್ಪು ಎಂದು ಮಗು ಎಷ್ಟು ಸುಲಭವಾಗಿ ತೀರ್ಮಾನಿಸಿತು ಎಂಬುದು. ಊರು ಬಿಟ್ಟು ಬಂದವರ ಮಕ್ಕಳು ಮನೆಮಾತಿನ ವಿಷಯದಲ್ಲೂ ಹೀಗೆಯೇ ತೀರ್ಮಾನಿಸುತ್ತಾರೆ. ಶಾಲೆಯಲ್ಲಿ ಕೇಳಿಸದ ಮಾತು ಅವರಿಗೆ ನಿಧಾನವಾಗಿ ತಪ್ಪು ಮಾತಾಗುತ್ತದೆ.

ಅವಳಿಗೆ ನಾನು ಹೇಳಿದ್ದು ಚರಿತ್ರೆಯ ಇನ್ನೊಂದು ತುದಿ. 17ನೇ ಶತಮಾನದಲ್ಲಿ ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕಾ’ದಲ್ಲಿ 72 ಮೇಳಗಳನ್ನು ಲೆಕ್ಕ ಹಾಕಿ ಜೋಡಿಸಿದ. 1904ರಲ್ಲಿ ದಕ್ಷಿಣಕ್ಕೆ ಹೋದ ಭಾತಖಂಡೆ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ವೆಂಕಟಮಖಿಯ ಜೋಡಣೆಯ ಪ್ರಭಾವ ಅವರ ಹತ್ತು ಥಾಟ್‌ಗಳ ಹಿಂದೆ ಇದೆ. ಆ ಹತ್ತರಲ್ಲಿ ಭೈರವ್ ಥಾಟ್ ಎಂಬುದು ಅಜ್ಜಿಯ ಮಾಯಾಮಾಳವಗೌಳವೇ. ಅಂದರೆ ಮಗಳ ಪುಸ್ತಕದೊಳಗೆ ಅಜ್ಜಿಯ ಪಾಠ ಮೊದಲೇ ಇತ್ತು, ಬೇರೆ ಹೆಸರಿನಲ್ಲಿ.

ಹಾಗಾಗಿ ವಾದ್ಯ ಕೊಳ್ಳುವ ಗೆಳೆಯರಿಗೆ ಒಂದು ಮಾತು. ಸ್ವಲ್ಪ ದುಡ್ಡು ಹೆಚ್ಚಾದರೂ ಎರಡು ಸಾಲಿನ, ಹನ್ನೆರಡು ಸ್ವರವೂ ಇರುವ ಝೈಲೋಫೋನ್ ತನ್ನಿ. ಮೇಲಿನ ಸಾಲಿನಲ್ಲಿ ‘ಸ’ ಮತ್ತು ‘ರಿ’ ನಡುವಿನದೊಂದು, ‘ಪ’ ಮತ್ತು ‘ದ’ ನಡುವಿನದೊಂದು, ಹೀಗೆ ಎರಡೇ ಪಟ್ಟಿ ಸಾಕು. ಕೆಳಸಾಲಿನ ರಿ, ದ ಬಿಟ್ಟು ಇವನ್ನು ಬಡಿದರೆ ಸರಳೆ ವರಸೆ ಬರುತ್ತದೆ. ಗಮಕ ಬರುವುದಿಲ್ಲ, ಮರದ ಪಟ್ಟಿಯನ್ನು ತಂತಿಯಂತೆ ಎಳೆಯಲಾಗದು. ಅದನ್ನು ಅಜ್ಜಿಯೇ ಹಾಡಿ ತೋರಿಸಬೇಕು. ಪಟ್ಟಿಗಳ ಮೇಲೆ ಚೀಟಿ ಅಂಟಿಸುವಾಗ ಮೂರೂ ಹೆಸರು ಬರೆಯಿರಿ, ಒಂದನ್ನು ಕನ್ನಡದಲ್ಲಿ.