ಕೊಟ್ಟಿಗೆ ಗೂಡಿನ ಲೋಟ

ಹೊನ್ನಾಳಿ ಅತ್ತಿಗೆ, ಜಗಳೂರು ಚಿಕ್ಕಮ್ಮ ಎಲ್ಲರೂ ಕೇಳ್ತಾನೇ ಇದ್ರಿ, ನಿನ್ನ ಮಗಳು ಲಂಡನ್ನಿನಾಗೆ ಓದೋದು ಯಾವಾಗ, ಬರೀ ಊರು ಸುತ್ತೋ ಫೋಟೋನೇ ಕಳಿಸ್ತಾಳಲ್ಲ ಅಂತ. ನಂಗೂ ಹಂಗೇ ಅನ್ನಿಸಿತ್ತು. ಆದ್ರೆ ಅವರ ಮೇಡಂ ಅರ್ಧ ಪಾಠ ಕ್ಲಾಸಿನಾಗೆ ಮಾಡಿದ್ರೆ ಇನ್ನರ್ಧ ಬೀದಿನಾಗೇ ಮಾಡೋದಂತೆ.

ಹೋದ ವರ್ಷ ಒಂದಿನ ಹಂಗೇ ಅಂಬೇಡ್ಕರ್ ಇದ್ದ ಮನೆಗೆ ಕರ್ಕೊಂಡು ಹೋದ್ರಂತೆ. ಕಿಂಗ್ ಹೆನ್ರೀಸ್ ರಸ್ತೆ, 10ನೇ ನಂಬರು. 1921-22ರಾಗೆ ಓದ್ತಿದ್ದಾಗ ಅವರು ಅಲ್ಲಿದ್ರು. 2015ರಾಗೆ ಮಹಾರಾಷ್ಟ್ರ ಸರ್ಕಾರ ಆ ಮನೆ ಕೊಂಡ್ಕೊಂತು. ಆಮೇಲೆ ನೆರೆಯವರು ಒಂದಿಬ್ರು ಗಲಾಟೆ ಆಗುತ್ತೆ ಅಂತ ತಕರಾರು ಎತ್ತಿ, ಮ್ಯೂಸಿಯಂ ನಡೆಸೋಕೆ ಅನುಮತಿ ಸಿಕ್ಕಿದ್ದು 2020ರಾಗೆ.

ಮನೆ ಅಂದ್ರೆ ಅವರಿಗೆ ಮೊದಲಿಂದ್ಲೂ ಕಷ್ಟವೇ. ಬರೋಡ ಮಹಾರಾಜರ ದುಡ್ಡಿನಾಗೆ 1913ರಾಗೆ ಅಮೆರಿಕಕ್ಕೆ ಹೋಗಿ ಓದಿದ್ರು. ಆ ಋಣಕ್ಕೆ 1917ರಾಗೆ ಬರೋಡಕ್ಕೆ ಕೆಲಸಕ್ಕೆ ಬಂದ್ರೆ ಇರೋಕೆ ಒಂದು ಕೋಣೆ ಕೊಡೋರಿಲ್ಲ. ಪಾರ್ಸಿಗಳ ತಂಗುಮನೇಲಿ ಪಾರ್ಸಿ ಹೆಸರು ಹೇಳ್ಕೊಂಡು ಇದ್ರು. ಜಾತಿ ಗೊತ್ತಾಗಿದ್ದೇ ತಡ, ದೊಣ್ಣೆ ಹಿಡ್ಕೊಂಡು ಬಂದು ಹೊರಗೆ ಹಾಕಿದ್ರು.

ಆಮೇಲೆ ಮತ್ತೆ ಲಂಡನ್ನಿಗೆ ಹೋಗಿ, 1923ರಾಗೆ ಡಾಕ್ಟರ್ ಪದವಿ ತಗೊಂಡು ಬಂದು, 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆ ನೀರು ಬೊಗಸೇಲಿ ಕುಡಿದ್ರು. ಆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಪುರಸಭೆ ಮೂರು ವರ್ಷ ಮುಂಚೇನೇ ಹೇಳಿತ್ತು, ಕಾಗದದ ಮೇಲೆ! ಅವರು ಕುಡಿದು ಹೋದ ಮೇಲೆ ಕೆರೆಗೆ ಕೊಡಗಟ್ಟಲೆ ಸಗಣಿ, ಗಂಜಲ ಸುರಿದು ಮಡಿ ಮಾಡಿದ್ರಂತೆ. ದನ ನೀರು ಕುಡಿದ್ರೆ ಮೈಲಿಗೆ ಇಲ್ಲ ನೋಡ್ರಿ. ಕೋರ್ಟಿನ ಕಡೇ ತೀರ್ಪು ಬಂದಿದ್ದು 1937ಕ್ಕೆ. ಸೂಳೆಕೆರೆ ನೀರು ಕಂಡ ಚನ್ನಗಿರಿ ಸೀಮೆಯೋಳು ನಾನು, ಕೆರೆ ಜಗಳ ಅಂದ್ರೆ ಗದ್ದೆ ಕಾಲುವೆ ಜಗಳ ಅಂತಲೇ ತಿಳ್ಕೊಂಡಿದ್ದೆ.

ಅದೇ ಸಂಜೆ ಥೇಮ್ಸ್ ನದಿ ದಂಡೆ ಮೇಲಿರೋ ಬಸವಣ್ಣನ ಮೂರ್ತಿಗೂ ಹೋಗಿದ್ರು. ಕಲಬುರಗಿ ಕಡೆಯ ನೀರಜ್ ಪಾಟೀಲರು, ಅಲ್ಲಿ ಲ್ಯಾಂಬೆತ್ ಮೇಯರ್ ಆಗಿದ್ದೋರು, ಮುಂದೆ ನಿಂತು ಮಾಡಿಸಿದ್ದು. ಅಂಬೇಡ್ಕರ್ ಮನೆ, ಈ ಮೂರ್ತಿ ಎರಡನ್ನೂ ಮೋದಿಯವರು ಉದ್ಘಾಟನೆ ಮಾಡಿದ್ದು ಒಂದೇ ದಿನ, 2015ರ ನವೆಂಬರ್ 14. ಮೂರ್ತಿ ಮುಂದೆ ನಿಂತ್ಕೊಂಡೇ ಮಗಳು ಫೋನ್ ಮಾಡಿದ್ಲು. ನಾನು ರೊಟ್ಟಿ ತಟ್ತಾ ಇದ್ದೆ.

"ಅಮ್ಮಾ, ಕೊಟ್ಟಿಗೆ ಗೂಡಿನಾಗೆ ಕವುಚಿ ಇಡ್ತಿದ್ರಲ್ಲ ಆ ಲೋಟ, ಯಾರಿಗೆ ಕೊಡ್ತಿದ್ರಿ?"

ಅಡಿಕೆ ಸುಲಿಯೋಕೆ ಬರೋ ಹೆಣ್ಣುಮಕ್ಕಳಿಗೆ. ನಂಗೂ ಗೊತ್ತು, ಅವಳಿಗೂ ಗೊತ್ತು. ಪಡಸಾಲೇಲಿ ಬಸವಣ್ಣನ ಫೋಟೋ, ಕೊಟ್ಟಿಗೇಲಿ ಆ ಲೋಟ. "ಅದೆಲ್ಲ ನಿಮ್ಮಜ್ಜಿ ಕಾಲಕ್ಕೇ ಮುಗೀತು ಕಣೇ, ಈಗ ಪೇಪರ್ ಲೋಟದಾಗೆ ಕೊಡ್ತೀವಿ" ಅಂದೆ.

"ನಮಗ್ಯಾಕೆ ಪೇಪರ್ ಲೋಟ ಇಲ್ಲ?"

ರೊಟ್ಟಿ ಸೀದು ಹೋಯ್ತು. ನಿಜ ಹೇಳ್ತೀನಿ ಅಕ್ಕಾ, ಪೇಪರ್ ಲೋಟ ಬಂದಾಗ ನಂಗೆ ನಿರಾಳ ಆಗಿತ್ತು. ಯಾರನ್ನೂ ಬೇರೆ ಮಾಡಿದ ಹಂಗೆ ಕಾಣಲ್ಲ, ತೊಳೆಯೋದೂ ತಪ್ಪಿತು ಅಂತ. ಮನೆಯೋರು ಮಾತ್ರ ಸ್ಟೀಲ್ ಲೋಟದಾಗೇ ಕುಡೀತಿದ್ವಿ.

ಈ ಸಲದ ಸುಗ್ಗಿಗೆ ಅಟ್ಟದ ಮೇಲಿದ್ದ ಸ್ಟೀಲ್ ಲೋಟ ಎಲ್ಲಾ ಇಳಿಸಿದೆ. ಅತ್ತೆ ನೋಡಿದ್ರು, ಮಾತಾಡಲಿಲ್ಲ. ಹರೇದ ಹುಡುಗೀರು ಟೀ ಕುಡಿದು ಲೋಟ ಅಲ್ಲೇ ಬಿಟ್ಟು ಕೆಲಸಕ್ಕೆ ಕೂತ್ರು. ಆದ್ರೆ ನಾನು ಮದುವೆಯಾಗಿ ಬಂದಾಗಿಂದ ಬರೋ ಅಜ್ಜಿ ಒಬ್ಬರು ಅವ್ರೆ. ಅವರು ಲೋಟನ ತಾವೇ ತೊಳೆದು, ಕೊಟ್ಟಿಗೆಗೆ ಹೋಗಿ, ಅದೇ ಗೂಡಿನಾಗೆ ಕವುಚಿಟ್ಟು ಬಂದ್ರು.

ನಾನು ಹೋಗಿ ತಗೊಂಡು ಬಂದೆ. ಮಾರನೇ ದಿನಾನೂ ಅಲ್ಲೇ ಇಟ್ಟಿದ್ರು.