ಪೀಠ ಗಟ್ಟಿಯಿದ್ದರೆ ನಕ್ಷತ್ರ ನಿಂತೀತು

ಕಳೆದ ವರ್ಷ ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಾಗ ಮಗಳ ಹಟಕ್ಕೆ ಸೋತು ಒಂದು ದೂರದರ್ಶಕ ಕೊಂಡೆ. 525 ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ತಾರಸಿಯ ಮೇಲೆ ಶನಿಯನ್ನು ಹಿಡಿದು ತಿರುಪು ಮುಟ್ಟಿದರೆ ಸಾಕು, ಗ್ರಹ ಗಾಳಿಗೆ ಸಿಕ್ಕ ದೀಪದಂತೆ ಕುಣಿಯುತ್ತಿತ್ತು. ಫೋಟೋ ತೆಗೆಯುವ ಮಾತು ದೂರವೇ ಉಳಿಯಿತು. ದುಡ್ಡು ಹೋದದ್ದಕ್ಕಿಂತ ಹುಡುಗಿಯ ಆಸಕ್ತಿಯೂ ಅದರ ಜೊತೆ ಹೋದೀತೆಂಬ ಚಿಂತೆ ಹೆಚ್ಚಾಯಿತು. ಬಿ.ಎಸ್ಸಿ. ಓದಿದವನು ಗಾಜನ್ನು ನೋಡಿದೆ, ಅದು ನಿಂತ ಕಾಲನ್ನು ನೋಡಲಿಲ್ಲ! ಎರಡನೆಯ ಸಲ ಮೋಸಹೋಗಬಾರದೆಂದು ದೂರದರ್ಶಕಗಳ ಚರಿತ್ರೆಯನ್ನೇ ಓದತೊಡಗಿದೆ.

ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರಕ್ಕೆ ಮೌಂಟ್ ಎನ್ನುತ್ತಾರೆ; ನಾವು ಪೀಠ ಎನ್ನೋಣ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಕಣ್ಣಿಟ್ಟು ನೋಡುವವನು ಕೊಳವೆಯನ್ನು ಆಗಾಗ ತಳ್ಳಿಕೊಂಡರಾಯಿತು. ಫೋಟೋ ಪ್ಲೇಟಿಗೆ ಆ ಉದಾರತೆಯಿಲ್ಲ. ನಕ್ಷತ್ರ ಸರಿದರೆ ಚುಕ್ಕೆ ಗೆರೆಯಾಗುತ್ತದೆ. ಇದಕ್ಕೆ ಉಪಾಯ, ಪೀಠದ ಒಂದು ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಟ್ಟು ಗಡಿಯಾರದ ಯಂತ್ರದಿಂದ ನಿಧಾನವಾಗಿ ತಿರುಗಿಸುವುದು. ಜರ್ಮನಿಯ ಫ್ರಾನ್‌ಹೋಫರ್ 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಕಳಿಸಿದ ದೂರದರ್ಶಕದಲ್ಲಿ ಈ ಏರ್ಪಾಡು ಆಗಲೇ ಇತ್ತು. ಛಾಯಾಚಿತ್ರಣ ಹುಟ್ಟುವ ಮೊದಲೇ ಅದಕ್ಕೆ ಬೇಕಾದ ಪೀಠ ಹುಟ್ಟಿತ್ತು.

ಆದರೆ ದೊಡ್ಡ ಕನ್ನಡಿ ಇದ್ದಲ್ಲಿ ಒಳ್ಳೆಯ ಪೀಠ ಇರಲಿಲ್ಲ. ಐರ್ಲೆಂಡಿನ ಲಾರ್ಡ್ ರಾಸ್ 1845ರಲ್ಲಿ 72 ಅಂಗುಲದ ಕನ್ನಡಿಯನ್ನು ಎರಡು ಎತ್ತರದ ಗೋಡೆಗಳ ನಡುವೆ ತೂಗುಹಾಕಿದ. ಸಪ್ತರ್ಷಿಯ ಬಾಲದ ತುದಿಯ ಹತ್ತಿರವಿರುವ ನೀಹಾರಿಕೆಯೊಂದು ಸುರುಳಿಯಾಕಾರದ್ದೆಂದು ಅದರಲ್ಲಿ ಕಂಡು ಕೈಯಿಂದಲೇ ಚಿತ್ರ ಬರೆದ. ಒಂದು ಕಾಯವನ್ನು ಹಿಂಬಾಲಿಸಲು ಗೋಡೆಗಳು ಕೊಡುತ್ತಿದ್ದ ಅವಕಾಶ ಸುಮಾರು ಒಂದು ಗಂಟೆ ಮಾತ್ರ. ಕಣ್ಣಿಗೆ ಅದು ಧಾರಾಳ, ಫೋಟೋಗೆ ನಿಷ್ಪ್ರಯೋಜಕ.

ಅಮೆರಿಕದ ಹಾರ್ವರ್ಡಿನಲ್ಲಿ 1850ರ ಜುಲೈಯಲ್ಲಿ ಬಾಂಡ್ ಮತ್ತು ವಿಪಲ್ 15 ಅಂಗುಲದ ಮಸೂರದಿಂದ ಅಭಿಜಿತ್ ನಕ್ಷತ್ರದ ಚಿತ್ರ ತೆಗೆದರು. ಸೂರ್ಯನನ್ನು ಬಿಟ್ಟರೆ ಫೋಟೋದಲ್ಲಿ ಸಿಕ್ಕ ಮೊದಲ ನಕ್ಷತ್ರ ಅದೇ. ಆದರೆ ಗಡಿಯಾರದ ಯಂತ್ರ ತಡವರಿಸುತ್ತಿತ್ತು. ಯಂತ್ರ ಬದಲಾಗಿ, ಪ್ಲೇಟೂ ಸುಧಾರಿಸಿ, 1857ರಲ್ಲಿ ಅವರು ಮತ್ತೆ ತೆಗೆದ ಚಿತ್ರ ಯಾವುದು ಗೊತ್ತೆ? ನಮ್ಮ ಮದುವೆಗಳಲ್ಲಿ ಪುರೋಹಿತರು ವಧೂವರರಿಗೆ ತೋರಿಸುವ ವಸಿಷ್ಠ-ಅರುಂಧತಿ. (ಈಗ ಮುಹೂರ್ತ ಹಗಲಿಗಿದ್ದರೂ ತೋರಿಸುತ್ತಾರೆ, ಅದು ಬೇರೆ ಮಾತು.)

ಮಸೂರಕ್ಕೆ ಇನ್ನೊಂದು ದೋಷವಿತ್ತು. ಅದನ್ನು ಕಣ್ಣಿಗೆ ಚೆನ್ನಾಗಿ ಕಾಣುವ ಹಳದಿ-ಹಸಿರು ಬೆಳಕಿಗೆ ಹೊಂದಿಸುತ್ತಿದ್ದರು. ಆಗಿನ ಪ್ಲೇಟು ಹಿಡಿಯುತ್ತಿದ್ದುದು ನೀಲಿಯನ್ನು. ಕಣ್ಣಿಗೆ ಚೊಕ್ಕಟವಾದದ್ದು ಪ್ಲೇಟಿನಲ್ಲಿ ಮಸುಕಾಗುತ್ತಿತ್ತು. ಕನ್ನಡಿಯಾದರೋ ಎಲ್ಲ ಬಣ್ಣಗಳನ್ನೂ ಒಂದೇ ಕಡೆ ಸೇರಿಸುತ್ತದೆ. ಇದನ್ನು ಅರಿತವನು ಲಂಡನ್ ಹತ್ತಿರದ ಈಲಿಂಗಿನ ಎಂಜಿನಿಯರ್ ಆಂಡ್ರೂ ಕಾಮನ್. ಖಗೋಳ ಅವನಿಗೆ ಹವ್ಯಾಸ. ಕ್ಯಾಲ್ವರ್ ತಯಾರಿಸಿದ 36 ಅಂಗುಲದ ಕನ್ನಡಿಗೆ ತಾನೇ ಪೀಠ ರಚಿಸಿ, ಅದರ ಅಕ್ಷದ ಭಾರವನ್ನು ಪಾದರಸದಲ್ಲಿ ತೇಲಿಸಿದ. 1883ರ ಜನವರಿ 30ರಂದು 37 ನಿಮಿಷ ಪ್ಲೇಟು ತೆರೆದಿಟ್ಟು ಮಹಾವ್ಯಾಧದ ನೀಹಾರಿಕೆಯ ಚಿತ್ರ ತೆಗೆದ. ಬರಿಗಣ್ಣಿಗೆ ದೂರದರ್ಶಕದಲ್ಲೂ ಕಾಣದ ನಕ್ಷತ್ರಗಳು ಅದರಲ್ಲಿ ಮೂಡಿದವು.

ಆ ದೂರದರ್ಶಕ ಹ್ಯಾಲಿಫ್ಯಾಕ್ಸಿನ ಕ್ರಾಸ್ಲಿ ಎಂಬಾತನ ಕೈಸೇರಿ, 1895ರಲ್ಲಿ ಅವನ ದಾನವಾಗಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ಬಂತು. ಅಲ್ಲಿ 36 ಅಂಗುಲದ ಭವ್ಯ ಮಸೂರದ ದೂರದರ್ಶಕ ಆಗಲೇ ಇತ್ತು. ಈ ಹಳೆಯ ಸಾಮಾನಿನ ಪೀಠವೋ ತಂಟೆಕೋರ, ಸಿಬ್ಬಂದಿಗೆ ಬೇಡವಾಯಿತು. ಎಲ್ಲರೂ ಪಕ್ಕದ ಮೇಜಿಗೆ ಸರಿಸುವ ಇಂಥ ಕಡತ ಪ್ರತಿ ಕಚೇರಿಯಲ್ಲೂ ಒಂದಿರುತ್ತದೆ. 1898ರಲ್ಲಿ ನಿರ್ದೇಶಕನಾಗಿ ಬಂದ ಜೇಮ್ಸ್ ಕೀಲರ್ ಅದನ್ನು ತನ್ನ ಪಾಲಿಗೇ ಇಟ್ಟುಕೊಂಡ. ಮೇಲಧಿಕಾರಿಗಳಲ್ಲಿ ಇದು ಅಪರೂಪವೆಂದು ಅನುಭವಸ್ಥರು ಒಪ್ಪಿಯಾರು.

ಹ್ಯಾಲಿಫ್ಯಾಕ್ಸಿನ ಅಕ್ಷಾಂಶ ಸುಮಾರು 54 ಡಿಗ್ರಿ, ಲಿಕ್‌ನದು 37. ಧ್ರುವ ಅಷ್ಟು ಕೆಳಗೆ ಇಳಿದಿದ್ದರಿಂದ ಪೀಠದ ಓರೆಯನ್ನೂ ತಿದ್ದಬೇಕಾಯಿತು. ಕೀಲರ್ ದುರಸ್ತಿ ಮಾಡಿಸಿದ. ಪ್ಲೇಟಿನ ಅಂಚಿನ ನಕ್ಷತ್ರವೊಂದರ ಮೇಲೆ ಗಂಟೆಗಟ್ಟಲೆ ಕಣ್ಣಿಟ್ಟು, ಅದು ಕದಲಿದಾಗಲೆಲ್ಲ ತಿರುಪಿನಿಂದ ಪ್ಲೇಟನ್ನು ಸರಿಸುತ್ತ ಕುಳಿತ. ರಾಸ್ ಕಂಡಂಥ ಸುರುಳಿಗಳು ವಿರಳವಲ್ಲ, ಆಕಾಶದ ತುಂಬ ಅವೇ ಇವೆ ಎಂದು ಆ ಪ್ಲೇಟುಗಳು ತೋರಿಸಿದವು. ಆ ದೂರದರ್ಶಕಕ್ಕೆ ಎಟುಕುವ ನೀಹಾರಿಕೆಗಳೇ 1,20,000 ಇರಬಹುದೆಂದು ಅವನ ಅಂದಾಜು. 1900ರಲ್ಲಿ ತೀರಿಕೊಂಡಾಗ ಅವನಿಗೆ 42 ವರ್ಷ.

ನಾವಿರುವ ಪುಣೆಗೂ ಈ ಚರಿತ್ರೆಯಲ್ಲಿ ಜಾಗವಿದೆ. ಇಲ್ಲಿನ ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಭಾವನಗರದ ಮಹಾರಾಜರ ನೆರವಿನಿಂದ, ನೇಗಮ್‌ವಾಲಾ ಅವರು ನಡೆಸಿದ ವೀಕ್ಷಣಾಲಯದಲ್ಲಿ ಗ್ರಬ್ ಕಂಪನಿಯ 20 ಅಂಗುಲದ ಕನ್ನಡಿ ದೂರದರ್ಶಕವಿತ್ತು. ಆಗ ದೇಶದಲ್ಲೇ ದೊಡ್ಡದು. 1912ರಲ್ಲಿ ವೀಕ್ಷಣಾಲಯ ಮುಚ್ಚಿ ಅದು ಕೊಡೈಕನಾಲಿಗೆ ಹೋಯಿತು.

ಇಷ್ಟು ಓದಿ ನಾನು ತಿಳಿದದ್ದನ್ನು ಹೇಳುತ್ತೇನೆ. ನೋಡುವುದಷ್ಟೇ ಸಾಕೆಂದರೆ, ಅಮೆರಿಕದ ಡಾಬ್ಸನ್ ರೂಢಿಗೆ ತಂದ ಮರದ ಪೆಟ್ಟಿಗೆಯ ಪೀಠದ ಮೇಲೆ ಕೊಟ್ಟ ದುಡ್ಡಿಗೆ ಅತಿ ದೊಡ್ಡ ಕನ್ನಡಿ ಸಿಗುತ್ತದೆ. ಅದರಲ್ಲಿ ಚಂದ್ರನ ಫೋಟೋ ತೆಗೆಯಬಹುದು, ನೀಹಾರಿಕೆಯದು ಕಷ್ಟ. ಎರಡೂ ಬೇಕಾದವರು ಕನ್ನಡಿಯನ್ನು 5-6 ಅಂಗುಲಕ್ಕೆ ಇಳಿಸಿ, ಉಳಿದ ದುಡ್ಡನ್ನು ಧ್ರುವಕ್ಕೆ ಗುರಿಯಿಡುವ ಮೋಟಾರು ಪೀಠಕ್ಕೆ ಹಾಕಬೇಕು. ಹೊರಬಲ್ಲದೆಂದು ಕಂಪನಿ ಹೇಳುವ ತೂಕದ ಅರ್ಧದಷ್ಟನ್ನೇ ಹೊರಿಸುವುದು ಫೋಟೋ ತೆಗೆಯುವವರ ರೂಢಿ. ಈಗಿನ ಡಿಜಿಟಲ್ ಕ್ಯಾಮೆರಾ ಚಿಕ್ಕ ಚಿಕ್ಕ ಚಿತ್ರಗಳನ್ನು ಕೂಡಿಸಿಕೊಳ್ಳುತ್ತದೆ, ನಿಜ. ಅಲುಗಿದ ಚಿತ್ರಗಳನ್ನು ಕೂಡಿಸಿ ಏನು ಪ್ರಯೋಜನ?

ಮುಂದಿನ ಬಾಕಿ ಬಂದಾಗ ನಾವು ಮೊದಲು ಪೀಠ ಕೊಳ್ಳುವುದೆಂದು ಮಗಳೂ ನಾನೂ ಒಪ್ಪಂದ ಮಾಡಿಕೊಂಡಿದ್ದೇವೆ. ಪುಣೆಯಲ್ಲಿ ಅದರ ಅಕ್ಷವನ್ನು 18.5 ಡಿಗ್ರಿಗೆ ಬಿಗಿಯಬೇಕು. ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಒಯ್ದರೆ, ಅವಳೇ ಲೆಕ್ಕ ಹಾಕಿ ಹೇಳಿದಂತೆ, 3 ಡಿಗ್ರಿ ಇಳಿಸಬೇಕು.